ಗೋಬಿ ಮೀನು ಒಂದು ಮೂಲೆ, ಪಿಸ್ಟಲ್ ಸಿಗಡಿ ಇನ್ನೊಂದು ಮೂಲೆ: ಜೋಡಿ ಆಗುವುದು ಯಾವಾಗ?

ತಡಿಯಂಡಮೋಳ್ (ಮೇ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪ ಕಡೆಯವನು. ಉಪ್ಪುನೀರಿನ ಟ್ಯಾಂಕ್ ಇಟ್ಟು ಐದು ತಿಂಗಳಾಗಿದೆ. ಎರಡಡಿ ಉದ್ದ, ಒಂದಡಿ ಅಗಲ, ನೀರು ಹತ್ತಿರ ಹತ್ತಿರ 70 ಲೀಟರ್. ಒಳಗೆ ಎರಡು ಕ್ಲೌನ್ ಮೀನು, ಐದಾರು ಬಸವನಹುಳು, ಒಂದಿಷ್ಟು ಜೋವಾ (ಹವಳದ ಬಳಗದ ಸಣ್ಣ ಜೀವಿ), ಒಂದು ಲೆದರ್ ಹವಳ ಇವೆ.

ಹನ್ನೊಂದು ದಿನದ ಹಿಂದೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಒಂದು ಹಳದಿ ವಾಚ್‌ಮನ್ ಗೋಬಿ, ಒಂದು ಟೈಗರ್ ಪಿಸ್ಟಲ್ ಸಿಗಡಿ ತರಿಸಿದೆ. ಇವೆರಡೂ ಒಂದೇ ಬಿಲದಲ್ಲಿ ಜೊತೆಯಾಗಿ ಬಾಳುತ್ತವೆ. ಬೇರೆ ಬೇರೆ ಪ್ಯಾಕೆಟ್‌ನಲ್ಲಿ ಬಂದವು. ಬಿಟ್ಟರೆ ಸಾಕು, ಅರ್ಧ ಗಂಟೆಯಲ್ಲಿ ಜೋಡಿ ಆಗುತ್ತವೆ ಎಂದು ಅಂಗಡಿಯವರು ಹೇಳಿದ್ದರು. ಅರ್ಧ ಗಂಟೆ ಬಿಡಿ, ಸಿಗಡಿಯನ್ನು ನಾನು ನೋಡಿದ್ದೇ ಮೊದಲ ಹತ್ತು ನಿಮಿಷ. ಎಡಗಡೆಯ ದೊಡ್ಡ ಕಲ್ಲಿನ ಕೆಳಗೆ ನುಗ್ಗಿದ್ದು ಮತ್ತೆ ಹೊರಗೆ ಬಂದಿಲ್ಲ. ಗೋಬಿ ಬಲಗಡೆ ಪಂಪಿನ ಹಿಂದೆ ಕೂತಿದೆ. ಬಂದ ದಿನ ಮೈಮೇಲೆ ಕಪ್ಪು ಪಟ್ಟಿ ಎದ್ದಿತ್ತು, ಈಗ ಹಳದಿ ಸ್ವಲ್ಪ ತಿಳಿಯಾಗಿದೆ, ಊಟ ಮಾಡುತ್ತಿದೆ.

ಮೊನ್ನೆಯಿಂದ ರಾತ್ರಿ ಹೊತ್ತು ಟ್ಯಾಂಕಿನಿಂದ ಟಪ್ ಟಪ್ ಅಂತ ಸದ್ದು ಬರುತ್ತಿದೆ. ಪಕ್ಕದ ಕೋಣೆಯಲ್ಲಿ ಮಲಗಿದ ಅಮ್ಮ ಎದ್ದು ಬಂದು ಗಾಜು ಸೀಳುತ್ತಿದೆಯಾ ನೋಡು ಎಂದರು. ನಿನ್ನೆ ಬೆಳಗ್ಗೆ ನೋಡಿದರೆ ಆ ಎಡಗಡೆಯ ಕಲ್ಲು ಒಂದು ಬೆರಳಿನಷ್ಟು ವಾಲಿದೆ. ಕಲ್ಲು ಮರಳಿನ ಮೇಲೇ ಇಟ್ಟಿದ್ದೇನೆ, ಮರಳು ಎರಡೂವರೆ ಇಂಚು ದಪ್ಪ ಇದೆ.

ಈಗ ನನ್ನ ಪ್ರಶ್ನೆ. ಕಲ್ಲು ಎತ್ತಿ ಸಿಗಡಿಯನ್ನು ಹಿಡಿದು ಗೋಬಿಯ ಹತ್ತಿರ ಬಿಡಬೇಕಾ? ಗಾಜಿಗೆ ಅಪಾಯ ಇದೆಯಾ? ಮಳೆ ಶುರುವಾದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟು ಇರುವುದಿಲ್ಲ, ಅದಕ್ಕೆ ಮುಂಚೆ ಎಲ್ಲ ಸರಿ ಮಾಡಿಕೊಳ್ಳಬೇಕು ಎಂದು ಆತುರ. ಭಾನುವಾರ ನೀರು ಬದಲಾಯಿಸುತ್ತೇನೆ. ಮಾಮೂಲಿ ಬಕೆಟ್ ಒಡೆದಿದೆ, ತೋಟದ ನೀಲಿ ಡ್ರಮ್ ತೊಳೆದು ಅದರಲ್ಲೇ ಉಪ್ಪು ಬೆರೆಸುವ ಅಂದಾಜಿದೆ.

ಹಾರಂಗಿ ಹಿನ್ನೀರು

ತಡಿಯಂಡಮೋಳ್ ಅವರೇ, ಕುಶಾಲನಗರದಲ್ಲಿ ಆರು ವರ್ಷದಿಂದ ಇದೇ ಜೋಡಿ ಸಾಕುತ್ತಿದ್ದೇನೆ. ನನ್ನದು ಜೋಡಿ ಆಗುವುದಕ್ಕೆ 26 ದಿನ ಹಿಡಿಯಿತು. ಹನ್ನೊಂದು ದಿನಕ್ಕೆ ಗಾಬರಿ ಬೇಡ.

ಅವು ಒಂದನ್ನೊಂದು ಹುಡುಕುವುದು ನಾವು ತೋರಿಸಿಕೊಟ್ಟ ಮೇಲೆ ಅಲ್ಲ. ಸಿಗಡಿಗೆ ಕಣ್ಣು ಮಂದ. ಬಿಲ ತೋಡಲು ಅದಕ್ಕೆ ಬರುತ್ತದೆ, ಆದರೆ ಹೊರಗೆ ಯಾರು ಬಂದರು ಎಂದು ಕಾಣುವುದಿಲ್ಲ. ಗೋಬಿಗೆ ಕಣ್ಣು ಚೆನ್ನಾಗಿದೆ, ತೋಡಲು ಬರುವುದಿಲ್ಲ. ಹಾಗಾಗಿ ಗೋಬಿಗೆ ಮನೆ ಬೇಕು, ಸಿಗಡಿಗೆ ಕಾವಲು ಬೇಕು. ನಿಮ್ಮ ಗೋಬಿ ಈಗ ಪಂಪಿನ ಹಿಂದೆ ಇದೆ ಎಂದರೆ ಅದಕ್ಕೆ ಇನ್ನೂ ಊರು ಹೊಸದು. ಧೈರ್ಯ ಬಂದ ಮೇಲೆ ಮರಳಿನ ಮೇಲೆ ಓಡಾಡಲು ಶುರು ಮಾಡುತ್ತದೆ, ಆಗ ಬಿಲದ ಬಾಯಿ ತಾನಾಗಿ ಸಿಗುತ್ತದೆ. ಸಿಗಡಿಯನ್ನು ಬಲೆಯಲ್ಲಿ ಹಿಡಿದು ಆ ಕಡೆ ಬಿಟ್ಟರೆ ಅದು ಮತ್ತೆ ಓಡಿ ಹಳೆ ಜಾಗಕ್ಕೇ ಹೋಗುತ್ತದೆ, ಮಧ್ಯದಲ್ಲಿ ಕ್ಲೌನ್ ಕಚ್ಚಿದರೆ ಇನ್ನೂ ಕಷ್ಟ. ಅದನ್ನು ಹುಡುಕಲು ಮಾತ್ರ ಹೋಗಬೇಡಿ.

ಆದರೆ ಕಲ್ಲು ಎತ್ತಲೇಬೇಕು. ಇದು ಬೇರೆ ವಿಷಯ, ದಯವಿಟ್ಟು ಈ ವಾರವೇ ಮಾಡಿ. ಮರಳಿನ ಮೇಲೆ ಕೂತ ಕಲ್ಲು ಈ ಸಿಗಡಿ ಇರುವ ಟ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಅದು ರಾತ್ರಿಯಿಡೀ ಮರಳು ಹೊತ್ತು ಹೊರಗೆ ಹಾಕುತ್ತದೆ, ಬುಲ್‌ಡೋಜರ್ ಹಾಗೆ ಎರಡೂ ಕೈ ಮುಂದೆ ಹಿಡಿದು ತಳ್ಳುತ್ತದೆ. ಅಡಿಯ ಮರಳು ಖಾಲಿಯಾದ ಹಾಗೆ ಕಲ್ಲು ಕುಸಿಯುತ್ತದೆ. 2018ರ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಜಾರಿದ್ದು ನೋಡಿದವರಿಗೆ ಬುಡ ಸಡಿಲವಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಬಿದ್ದರೆ ಸಿಗಡಿ ಅಡಿಗೆ ಸಿಕ್ಕಿ ಸಾಯಬಹುದು, ಗಾಜಿಗೆ ಬಡಿದರೆ ಮನೆ ತುಂಬ ಉಪ್ಪುನೀರು. ಗಾಜಿನ ಅಪಾಯ ನೀವು ಕೇಳಿದ ಟಪ್ ಸದ್ದಿನಿಂದ ಅಲ್ಲ, ಈ ಕಲ್ಲಿನಿಂದ.

ನಾನು ಮಾಡಿದ ರೀತಿ ಹೇಳುತ್ತೇನೆ. ಟ್ಯಾಂಕಿನದೇ ನೀರು ಒಂದು ಟಬ್‌ನಲ್ಲಿ ತೆಗೆದುಕೊಂಡೆ. ಕಲ್ಲನ್ನು ಪಕ್ಕಕ್ಕೆ ಎಳೆಯದೆ ನೇರವಾಗಿ ನಿಧಾನಕ್ಕೆ ಮೇಲೆತ್ತಬೇಕು. ನೀರಿನಿಂದ ಹೊರಗೆ ತೆಗೆಯುವ ಮುಂಚೆ ಅಡಿಯಲ್ಲಿ ಸಿಗಡಿ ಅಂಟಿಕೊಂಡಿದೆಯಾ ಎಂದು ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಕಲ್ಲು ಟಬ್‌ಗೆ ಹೋದ ಮೇಲೆ ಆ ಜಾಗದ ಮರಳು ಸರಿಸಿ, ತಳದ ಗಾಜಿನ ಮೇಲೆ ಪಿವಿಸಿ ಪೈಪಿನ ಮೂರು ಸಣ್ಣ ತುಂಡು ನಿಲ್ಲಿಸಿ, ಅವುಗಳ ಮೇಲೆ ಕಲ್ಲು ಕೂರಿಸಿ. ಕೈಯಿಂದ ಅಲ್ಲಾಡಿಸಿದರೂ ಅದು ಅಲುಗಬಾರದು. ಆಮೇಲೆ ಸುತ್ತ ಮರಳು ತುಂಬಿ. ಹಳೆ ಬಿಲ ಹಾಳಾಗುತ್ತದೆ, ಚಿಂತೆ ಇಲ್ಲ, ಒಂದೇ ರಾತ್ರಿಯಲ್ಲಿ ಹೊಸದು ಮಾಡುತ್ತದೆ. ಬರೀ ನುಣುಪು ಮರಳಾದರೆ ಬಿಲದ ಮಾಡು ನಿಲ್ಲುವುದಿಲ್ಲ, ಅದಕ್ಕೆ ಒಂದೆರಡು ಹಿಡಿ ದಪ್ಪ ಚೂರು, ಒಡೆದ ಚಿಪ್ಪು ಬೆರೆಸಿ ಕೊಡಿ.

ಟ್ಯಾಂಕಿಗೆ ಮುಚ್ಚಳ ಇದೆಯಾ? ನೀವು ಬರೆದಿಲ್ಲ. ಗೋಬಿ ಹೆದರಿದರೆ ಹಾರುತ್ತದೆ. ಸಣ್ಣ ಕಣ್ಣಿನ ಬಲೆ ಬಿಗಿದು ಹಾಕಿ, ವಯರ್ ಹೋಗುವ ಸಂದಿಯನ್ನೂ ಬಿಡಬೇಡಿ.

ಕರಿಮೆಣಸು

ತಮ್ಮಾ, ಆ ನೀಲಿ ಡ್ರಮ್ ಮುಟ್ಟಬೇಡ. ಭಾನುವಾರ ಅಂದೆಯಲ್ಲ, ಅದಕ್ಕೇ ಕೂಡಲೇ ಬರೆಯುತ್ತಿದ್ದೇನೆ.

ತೋಟದ ಡ್ರಮ್ ಎಂದರೆ ಅದರಲ್ಲಿ ಬೋರ್ಡೋ ಬೆರೆಸಿರುತ್ತಾರೆ ಅಲ್ವಾ? ಮಳೆಗೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವುದು ಅದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತ ಎಂದರೆ ತಾಮ್ರ. ಶಿಲೀಂಧ್ರ ಕೊಲ್ಲುವ ಆ ತಾಮ್ರವೇ ಸಿಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ. ಮೀನು ಸ್ವಲ್ಪ ತಾಮ್ರ ತಡೆಯುತ್ತದೆ, ಮೀನಿನ ರೋಗಕ್ಕೆ ತಾಮ್ರದ ಔಷಧಿಯನ್ನೇ ಕೊಡುತ್ತಾರೆ. ಸಿಗಡಿಗೆ ಮಾತ್ರ ತೀರಾ ಕಡಿಮೆ ಸಾಕು.

ನಾನು ಗೋಣಿಕೊಪ್ಪದ ಹತ್ತಿರ ಇದ್ದೇನೆ. ನಾಲ್ಕು ವರ್ಷದ ಹಿಂದೆ ಇದೇ ತಪ್ಪು ಮಾಡಿದೆ. ಡ್ರಮ್ ಅಲ್ಲ, ಒಂದು ಲೀಟರ್ ಜಗ್ಗು. ಸೋಪು ಹಾಕಿ ಮೂರು ಸಲ ತೊಳೆದಿದ್ದೆ. ಅದರಲ್ಲಿ ನೀರು ತುಂಬಿಸಿದ ರಾತ್ರಿಯೇ ಎರಡು ಕ್ಲೀನರ್ ಸಿಗಡಿ ಸತ್ತವು. ಬೆಳಗ್ಗೆ ಬಸವನಹುಳು ಎಲ್ಲ ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಮೀನು ಮಾತ್ರ ಏನೂ ಆಗದ ಹಾಗೆ ಈಜಾಡುತ್ತಿದ್ದವು. ಮೀನು ಚೆನ್ನಾಗಿದ್ದು ಉಳಿದದ್ದೆಲ್ಲ ಒಟ್ಟಿಗೆ ಸಾಯುತ್ತಿದ್ದರೆ ಮೊದಲು ತಾಮ್ರವನ್ನೇ ಅನುಮಾನಿಸಬೇಕು ಎಂದು ಆಮೇಲೆ ತಿಳಿಯಿತು. ಟೆಸ್ಟ್ ಕಿಟ್ ತರಿಸಿ ನೋಡಿದೆ, ತಾಮ್ರ ತೋರಿಸಿತು. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಒಣಗಿ ಅಂಟಿದ ನೀಲಿ ಪುಡಿ ತೊಳೆದರೂ ಹೋಗಿರಲಿಲ್ಲ. ಆ ಎರಡು ಸಿಗಡಿ ನನ್ನ ಮಗಳು ಕೈ ಮೇಲೆ ಹತ್ತಿಸಿಕೊಂಡು ಬೆಳೆಸಿದ್ದವು. ಅವಳಿಗೆ ಹೇಳಲು ನನಗೆ ಎರಡು ದಿನ ಬಾಯಿ ಬರಲಿಲ್ಲ.

ಕಲ್ಲು ಮತ್ತು ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಡುತ್ತವೆ, ಒಂದು ಸಲ ಸೇರಿದರೆ ನೀರು ಬದಲಾಯಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಹೊಸ ಬಕೆಟ್ ತೆಗೆದುಕೋ, ಅದರ ಮೇಲೆ ಮಾರ್ಕರ್‌ನಿಂದ ಬರೆದು ಇಡು, ತೋಟದವರು ಮುಟ್ಟದ ಜಾಗದಲ್ಲಿ ಇಡು. ಸ್ಪ್ರೇ ನಡೆಯುವ ದಿನ ಟ್ಯಾಂಕಿಗೆ ಕೈ ಹಾಕಬೇಡ. ಮೊಣಕೈ ತನಕ ತೊಳೆದರೂ ಆ ಒಂದು ದಿನ ಬಿಟ್ಟುಬಿಡು. ಕಿಟಕಿ ಕಡೆಯಿಂದ ಸ್ಪ್ರೇ ಹನಿ ಬರುವ ಹಾಗಿದ್ದರೆ ಮುಚ್ಚಿಡು, ಏರ್ ಪಂಪ್ ಹೊರಗಿನ ಗಾಳಿ ಎಳೆಯುತ್ತಿದ್ದರೆ ಅದನ್ನೂ ನೋಡಿಕೋ.

ತಡಿಯಂಡಮೋಳ್

ಅಣ್ಣಾ, ತುಂಬಾ ಉಪಕಾರ ಆಯಿತು. ಹೋಗಿ ಡ್ರಮ್ ನೋಡಿದೆ. ತಳದಲ್ಲಿ ನೀಲಿ ಕರೆ ಹಾಗೇ ಇದೆ. ನಾನು ಅದನ್ನು ಬಣ್ಣ ಎಂದುಕೊಂಡಿದ್ದೆ. ನಾಳೆ ಸುಂಟಿಕೊಪ್ಪ ಪೇಟೆಯಲ್ಲಿ ಹೊಸ ಬಕೆಟ್ ತರುತ್ತೇನೆ. ಬಸವನಹುಳು ಎಲ್ಲ ಗಾಜಿನ ಮೇಲೆ ಓಡಾಡುತ್ತಿವೆ, ಅಷ್ಟರಮಟ್ಟಿಗೆ ನೆಮ್ಮದಿ.

ಅಕ್ಕಾ, ಮುಚ್ಚಳ ಇಲ್ಲ, ಅರ್ಧ ಗಾಜು ಮಾತ್ರ ಇದೆ. ಬಲೆಗೆ ಅಳತೆ ತೆಗೆದೆ. ಕಲ್ಲಿನ ಕೆಲಸ ಶನಿವಾರ ತಂಗಿ ಬಂದ ಮೇಲೆ ಮಾಡುತ್ತೇನೆ.

ಇನ್ನೊಂದು ಕೇಳುವುದಿತ್ತು. ಚಿಕ್ಕಪ್ಪನ ಮಗ ವಾರಕ್ಕೊಮ್ಮೆ ಮಂಗಳೂರಿನಿಂದ ಬರುತ್ತಾನೆ. ಕ್ಯಾನ್‌ನಲ್ಲಿ ಸಮುದ್ರದ ನೀರನ್ನೇ ತರಿಸಿದರೆ ಉಪ್ಪಿನ ಖರ್ಚು ಉಳಿಯುತ್ತದೆ, ಆಗಬಹುದಾ?

ಪಣಂಬೂರು ತೆರೆ

ನನ್ನ ಊರು ವಿರಾಜಪೇಟೆ, ಕೆಲಸಕ್ಕೆ ಮಂಗಳೂರಿನಲ್ಲಿ ಇದ್ದೇನೆ. ಸಮುದ್ರದ ನೀರಿನ ವಿಷಯ ಮೊದಲು ಹೇಳಿಬಿಡುತ್ತೇನೆ: ಈಗ ಬೇಡ. ಜೂನ್ ಬಂತೆಂದರೆ ನೇತ್ರಾವತಿ, ಗುರುಪುರ ಎರಡೂ ಕೆಂಪು ನೀರು ತಂದು ಇಲ್ಲೇ ಸುರಿಯುತ್ತವೆ. ದಡದ ನೀರಿನಲ್ಲಿ ಉಪ್ಪು ಇಳಿಯುತ್ತದೆ, ಕೆಸರು ಇರುತ್ತದೆ, ಊರಿನ ಕೊಳೆಯೂ ಇರುತ್ತದೆ. ಆರ್‌ಒ ನೀರಿಗೆ ಅಂಗಡಿಯ ರೀಫ್ ಉಪ್ಪು (ಉಪ್ಪುನೀರಿನ ಟ್ಯಾಂಕಿಗೆಂದೇ ಮಾಡಿದ್ದು) ಬೆರೆಸಿ, ಲೀಟರಿಗೆ 35ರಿಂದ 38 ಗ್ರಾಂ ಆಗುತ್ತದೆ. ಸ್ಪೆಸಿಫಿಕ್ ಗ್ರಾವಿಟಿ (ಸಾಪೇಕ್ಷ ಸಾಂದ್ರತೆ) 1.025 ಬರುವ ತನಕ ನೋಡಿಕೊಳ್ಳಿ. ಆವಿಯಾದ ನೀರಿಗೆ ಬದಲು ಬರೀ ಆರ್‌ಒ ನೀರು ಹಾಕಬೇಕು, ಉಪ್ಪುನೀರಲ್ಲ. ಕೊಡಗಿನಲ್ಲಿ ಮಳೆಗಾಲದಲ್ಲಿ ಆವಿ ತೀರಾ ಕಡಿಮೆ. ಬೇಸಿಗೆಯ ಅಂದಾಜಿನಲ್ಲಿ ದಿನಾ ಹಾಕುತ್ತಾ ಹೋದರೆ ಉಪ್ಪು ಇಳಿದುಬಿಡುತ್ತದೆ.

ಕಲ್ಲು ಅಂದಾಗ ಇದೂ ನೆನಪಾಯಿತು. ಲಕ್ಷದ್ವೀಪದಿಂದಲೋ ಬೇರೆ ಕಡಲಿನಿಂದಲೋ ಹವಳದ ಕಲ್ಲು ತಂದುಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ತೆಗೆದುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳಕ್ಕೆ ಹುಲಿ, ಆನೆಗೆ ಇರುವಂಥ ರಕ್ಷಣೆಯೇ ಇದೆ. ಒಣ ಕಲ್ಲು, ಸೆರಾಮಿಕ್ ಕಲ್ಲು ಸಾಕು. ನಿಮ್ಮದು ಯಾವುದು ಎಂದು ಗೊತ್ತಿಲ್ಲ, ಮುಂದೆ ಕೊಳ್ಳುವಾಗ ನೆನಪಿರಲಿ.

ಇನ್ನು ಆ ಟಪ್ ಸದ್ದು. ಅಮ್ಮನಿಗೆ ಹೇಳಿ, ಗಾಜು ಒಡೆಯುವುದಿಲ್ಲ. ಗಾಜು ಒಡೆದ ಕತೆಗಳೆಲ್ಲ ಮ್ಯಾಂಟಿಸ್ ಸಿಗಡಿಯವು, ಅದು ಮೊಣಕೈಯಿಂದ ಗುದ್ದುವ ಬೇರೆಯದೇ ಪ್ರಾಣಿ. ಪಿಸ್ಟಲ್ ಸಿಗಡಿಯ ಒಂದು ಕೈ ಮಾತ್ರ ದೊಡ್ಡದು. ಅದನ್ನು ತೆರೆದು ಥಟ್ಟನೆ ಮುಚ್ಚಿದಾಗ ನೀರು ಚಿಮ್ಮುತ್ತದೆ, ಆ ರಭಸಕ್ಕೆ ಹಿಂದೆ ಒಂದು ಗುಳ್ಳೆ ಹುಟ್ಟಿ ಕುಸಿಯುತ್ತದೆ. ನಮಗೆ ಕೇಳುವುದು ಆ ಗುಳ್ಳೆ ಕುಸಿದ ಸದ್ದು. ಎರಡು ಬೆರಳು ಬಡಿದುಕೊಂಡ ಸದ್ದು ಎಂದೇ ಬಹಳ ಕಾಲ ಎಲ್ಲರೂ ತಿಳಿದಿದ್ದರು. 2000ದಲ್ಲಿ ಡಚ್ ಮತ್ತು ಜರ್ಮನ್ ವಿಜ್ಞಾನಿಗಳು ಅತಿ ವೇಗದ ಕ್ಯಾಮೆರಾ ಇಟ್ಟು ನೋಡಿ ಗುಳ್ಳೆಯದ್ದು ಎಂದು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅದೇ ಗುಂಪಿನವರು ಗುಳ್ಳೆ ಕುಸಿಯುವಾಗ ಕಣ್ಣಿಗೆ ಕಾಣದಷ್ಟು ಚಿಕ್ಕ ಬೆಳಕೂ ಬರುತ್ತದೆ ಎಂದು ತೋರಿಸಿದರು. ನಾಲ್ಕೈದು ಸೆಂಟಿಮೀಟರ್ ಪ್ರಾಣಿ! ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದಾಗ ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ, ಒಗ್ಗರಣೆಗೆ ಹಾಕಿದ ಸಾಸಿವೆ ಬಿಡದೆ ಸಿಡಿದ ಹಾಗೆ ಸುತ್ತೆಲ್ಲ ಚಿಟಿಚಿಟಿ.

ಸದ್ದು ಬರುತ್ತಿದೆ ಎಂದರೆ ನಿಮ್ಮ ಸಿಗಡಿ ಬದುಕಿದೆ, ಜಾಗ ಕಾಯುತ್ತಿದೆ. ಸಂತೋಷಪಡಿ. ಒಂದೊಂದು ಸಲ ಕೆಲವು ದಿನ ಸದ್ದೇ ಇರುವುದಿಲ್ಲ, ಆಗ ಪೊರೆ ಬಿಡುತ್ತಿರಬಹುದು. ಬಿಲದ ಬಾಯಲ್ಲಿ ಸತ್ತ ಸಿಗಡಿಯ ಹಾಗೆ ಒಂದು ಮೈ ಬಿದ್ದಿರುವುದು ಕಂಡರೆ ಎತ್ತಿ ನೋಡಿ: ಒಳಗೆ ಟೊಳ್ಳಾಗಿದ್ದರೆ ಅದು ಕಳಚಿದ ಪೊರೆ. ದೊಡ್ಡ ಕೈ ಮುರಿದುಹೋದರೂ ಚಿಕ್ಕ ಕೈಯೇ ಮುಂದಿನ ಪೊರೆಗಳಲ್ಲಿ ಬೆಳೆದು ದೊಡ್ಡದಾಗುತ್ತದೆ, ಹೋದ ಕಡೆ ಚಿಕ್ಕದು ಚಿಗುರುತ್ತದೆ.

ಅದಕ್ಕೆ ಊಟ ತಲುಪುತ್ತಿದೆಯಾ? ಕ್ಲೌನ್‌ಗಳು ಎಲ್ಲ ಮೇಲೇ ತಿಂದುಬಿಡುತ್ತವೆ. ಉದ್ದ ಪೈಪೆಟ್‌ನಲ್ಲಿ ಎರಡು ದಿನಕ್ಕೊಮ್ಮೆ ಸ್ವಲ್ಪ ಮೈಸಿಸ್ (ಮೀನಿಗೆ ಹಾಕುವ ಪುಟ್ಟ ಸಿಗಡಿಯಂಥ ಆಹಾರ) ತೆಗೆದುಕೊಂಡು ಆ ಕಲ್ಲಿನ ಬುಡಕ್ಕೇ ಬಿಡಿ. ಪ್ರತಿ ಸಲ ಅದೇ ಜಾಗದಲ್ಲಿ ಬಿಟ್ಟರೆ ಗೋಬಿಯೂ ಊಟದ ಆಸೆಗೆ ಆ ಕಡೆ ಬರುತ್ತದೆ. ನನ್ನ ಜೋಡಿ ಸೇರಿದ್ದು ಹೀಗೇ. ಒಂದು ಮಾತು, ಬಸವನಹುಳು ಬಿಲದ ಬಾಯಿಗೆ ಹೋದರೆ ಅವುಗಳಿಗೆ ಅಪಾಯ ಇದೆ, ಒಂದೆರಡು ಹೋಗಬಹುದು.

ಹಾರಂಗಿ ಹಿನ್ನೀರು

ಊಟದ ಮಾತು ಸರಿ ಹೇಳಿದಿರಿ, ನಾನು ಮರೆತಿದ್ದೆ.

ಕರೆಂಟಿನದು ಯಾರೂ ಹೇಳಲಿಲ್ಲ. ಕರೆಂಟು ಹೋದಾಗ ಮೊದಲು ಬೇಕಾದದ್ದು ಗಾಳಿ, ಬಿಸಿ ಆಮೇಲೆ. ಪಂಪ್ ನಿಂತರೆ ಕೆಲವೇ ಗಂಟೆಯಲ್ಲಿ ನೀರಿನ ಆಮ್ಲಜನಕ ಇಳಿಯುತ್ತದೆ, ಬಿಲದೊಳಗೆ ಇನ್ನೂ ಬೇಗ. ಬ್ಯಾಟರಿ ಏರ್ ಪಂಪ್ ಎರಡು ಇಟ್ಟುಕೊಳ್ಳಿ, ಸೆಲ್ ಜಾಸ್ತಿ ಇರಲಿ. ಇನ್ವರ್ಟರ್ ಇದ್ದರೆ ಹೀಟರ್ ಅದಕ್ಕೆ ಹಾಕಬೇಡಿ. 150 ಎಎಚ್ ಬ್ಯಾಟರಿ ಲೆಕ್ಕಕ್ಕೆ 1800 ವ್ಯಾಟ್-ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 100 ವ್ಯಾಟ್ ಹೀಟರ್ ಹಾಕಿದರೆ ಒಂದು ರಾತ್ರಿಗೆ ಮುಗಿಯಿತು. ಅದೇ ಬ್ಯಾಟರಿ ಹತ್ತು ವ್ಯಾಟ್ ಪಂಪನ್ನು ದಿನಗಟ್ಟಲೆ ಓಡಿಸುತ್ತದೆ. ಬಿಸಿಗೆ ಟ್ಯಾಂಕಿನ ಮೂರು ಕಡೆ ಕಂಬಳಿ ಸುತ್ತಿ. ಒಲೆಯಲ್ಲಿ ಬಿಸಿನೀರು ಕಾಯಿಸಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮುಚ್ಚಳ ಬಿಗಿದು ತೇಲಿಸಿ, ತಣ್ಣಗಾದ ಮೇಲೆ ಬದಲಾಯಿಸಿ. ಒಂದೇ ಸಲ ಬಿಸಿ ಏರಿಸಬೇಡಿ. 24ರಿಂದ 26 ಡಿಗ್ರಿ ಒಳ್ಳೆಯದು, 22ಕ್ಕೆ ನಿಧಾನವಾಗಿ ಇಳಿದರೆ ತಡೆಯುತ್ತವೆ. ಕರೆಂಟಿಲ್ಲದ ದಿನ ಊಟ ಹಾಕಬೇಡಿ.

ಕರೆಂಟು ಇರುವಾಗಲೂ 100 ವ್ಯಾಟಿನ ಒಂದು ಹೀಟರ್ ಬದಲು 50ರ ಎರಡು ಹಾಕಿದರೆ ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಒಂದು ಹೀಟರ್ ಬಂದ್ ಆಗದೆ ಸಿಕ್ಕಿಕೊಂಡರೂ ನೀರು ಬೇಗ ಕುದಿಯುವುದಿಲ್ಲ.

ತಡಿಯಂಡಮೋಳ್ (ಜೂನ್ ಕೊನೆ)

ಅಕ್ಕ, ಅಣ್ಣ, ಎಲ್ಲರಿಗೂ. ತಡವಾಗಿ ಬರೆಯುತ್ತಿದ್ದೇನೆ, ನಾಲ್ಕು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲೈನ್ ಮೇಲೆ ಸಿಲ್ವರ್ ಮರ ಬಿದ್ದಿತ್ತು.

ಕಲ್ಲಿನ ಕೆಲಸ ಆ ಶನಿವಾರವೇ ಮಾಡಿದೆವು. ನಾನು ಎತ್ತಿದೆ, ತಂಗಿ ಟಾರ್ಚ್ ಹಿಡಿದಳು. ಅಕ್ಕ ಹೇಳಿದ ಹಾಗೇ ಸಿಗಡಿ ಕಲ್ಲಿನ ಅಡಿಗೆ ಅಂಟಿಕೊಂಡಿತ್ತು, ನೀರಿನ ಮಟ್ಟಕ್ಕೆ ಬರುವ ಹೊತ್ತಿಗೆ ತಂಗಿ ಕೂಗಿದಳು, ನಿಲ್ಲಿಸಿದೆ, ಅದು ತಾನಾಗಿ ಜಾರಿ ಮರಳಿಗೆ ಇಳಿಯಿತು. ಅವಳು ನೋಡದಿದ್ದರೆ ಟಬ್‌ಗೆ ಎತ್ತಿ ಹಾಕಿಬಿಡುತ್ತಿದ್ದೆ. ಕಲ್ಲಿನ ಅಡಿಯಲ್ಲಿ ಮರಳು ಇರಲೇ ಇಲ್ಲ, ಒಂದು ಅಂಗೈಯಷ್ಟು ಟೊಳ್ಳು. ಈಗ ಪಿವಿಸಿ ಮೇಲೆ ಕೂತಿದೆ, ಅಲುಗುವುದಿಲ್ಲ.

ಮೈಸಿಸ್ ಅದೇ ಬುಡಕ್ಕೆ ಬಿಡುತ್ತಾ ಬಂದೆ. ಗೋಬಿ ಮೊದಲು ದೂರದಿಂದ ನೋಡುತ್ತಿತ್ತು, ಆಮೇಲೆ ಟ್ಯಾಂಕಿನ ಮಧ್ಯದ ತನಕ, ಆಮೇಲೆ ಕಲ್ಲಿನ ಪಕ್ಕ. ಕರೆಂಟು ಹೋದ ಎರಡನೇ ಬೆಳಗ್ಗೆ ಬಾಟಲಿ ಬದಲಾಯಿಸಲು ಕಂಬಳಿ ಸರಿಸಿದೆ. ಹೊರಗೆ ಧೋ ಎಂದು ಮಳೆ, ಒಳಗೆ ಮಬ್ಬು ಬೆಳಕು. ಗೋಬಿ ಬಿಲದ ಬಾಯಲ್ಲಿ ತಲೆ ಹೊರಗಿಟ್ಟು ಕೂತಿತ್ತು. ಅದರ ಹಿಂದೆ ಸಿಗಡಿ ಮರಳು ತಳ್ಳಿಕೊಂಡು ಬಂತು, ಒಂದು ಮೀಸೆ ಗೋಬಿಯ ಬಾಲದ ಮೇಲೆ. ಮರಳು ಚೆಲ್ಲಿ ತಿರುಗುವಾಗಲೂ ಆ ಮೀಸೆ ತೆಗೆಯಲಿಲ್ಲ. ನನ್ನ ಕೈ ಗಾಜಿನ ಹತ್ತಿರ ಹೋಗಿದ್ದೇ ತಡ, ಗೋಬಿ ಬಾಲ ಅಲುಗಿಸಿತು, ಸಿಗಡಿ ಒಳಗೆ ಮಾಯ, ಅದರ ಹಿಂದೆಯೇ ಗೋಬಿ ತಲೆ ಕೆಳಗೆ ಮಾಡಿ ನುಗ್ಗಿತು. ಅಮ್ಮನನ್ನು ಕರೆದೆ. ಇಬ್ಬರೂ ಉಸಿರು ಬಿಗಿ ಹಿಡಿದು ಹತ್ತು ನಿಮಿಷ ನಿಂತೆವು, ಮತ್ತೆ ಮೊದಲು ಗೋಬಿಯ ಮುಖ ಬಂತು. ಈಗ ದಿನಾ ಬೆಳಗ್ಗೆ ಅಮ್ಮನೇ ನನಗಿಂತ ಮುಂಚೆ ಹೋಗಿ ನೋಡುತ್ತಾರೆ.

ನೀರು 22ಕ್ಕಿಂತ ಇಳಿಯಲಿಲ್ಲ. ಒಂದು ಬಸವನಹುಳು ಹೋಯಿತು, ಖಾಲಿ ಚಿಪ್ಪು ಬಿಲದ ಗೋಡೆಗೆ ಸೇರಿದೆ. ಇನ್ನೊಂದು ಸಮಸ್ಯೆ, ಜೋವಾ ಇದ್ದ ಒಂದು ಸಣ್ಣ ಪ್ಲಗ್ಗನ್ನು (ಹವಳ ಅಂಟಿಸುವ ಬಿಲ್ಲೆ) ಸಿಗಡಿ ಎಳೆದುಕೊಂಡು ಹೋಗಿ ಬಿಲದ ಬಾಯಿಗೆ ಇಟ್ಟುಕೊಂಡಿದೆ. ಅರ್ಧ ಮರಳಿನಲ್ಲಿ ಹೂತಿದೆ. ತೆಗೆಯಲಾ, ಬಿಡಲಾ?

ಹಾರಂಗಿ ಹಿನ್ನೀರು

ಓದಿ ಕಣ್ಣು ತುಂಬಿತು ತಮ್ಮಾ. ಅಮ್ಮನಿಗೂ ತಂಗಿಗೂ ನನ್ನ ನಮಸ್ಕಾರ ಹೇಳು.

ಪ್ಲಗ್ ತೆಗೆ, ಮರಳು ಮುಚ್ಚಿದರೆ ಜೋವಾ ಕೊಳೆಯುತ್ತದೆ. ಆದರೆ ಸುಮ್ನೆ ತೆಗೆದರೆ ಇವತ್ತು ರಾತ್ರಿ ಇನ್ನೊಂದನ್ನು ಎಳೆಯುತ್ತದೆ. ಅದೇ ಗಾತ್ರದ ಚಿಪ್ಪಿನ ತುಂಡು ನಾಲ್ಕು ತೆಗೆದುಕೊಂಡು ಬಿಲದ ಹತ್ತಿರ ಹಾಕು, ಅದು ಒಂದು ತುಂಡು ಎತ್ತಿಕೊಂಡು ಹೋದ ಮೇಲೆ ಪ್ಲಗ್ ತೆಗೆ. ಉಳಿದ ಪ್ಲಗ್‌ಗಳನ್ನೆಲ್ಲ ಜೆಲ್ ಸೂಪರ್ ಗ್ಲೂ ಹಚ್ಚಿ ಕಲ್ಲಿನ ಮೇಲೆ, ಎತ್ತರದಲ್ಲಿ ಅಂಟಿಸು.

ಕರಿಮೆಣಸು

ಹೊಸ ಬಕೆಟ್‌ನ ಮೇಲೆ ಹೆಸರು ಬರೆದೆಯಾ? ಆಗಸ್ಟ್‌ನಲ್ಲಿ ಮಳೆ ಬಿಟ್ಟಾಗ ಮೆಣಸಿಗೆ ಎರಡನೇ ಸಲ ಬೋರ್ಡೋ ಹೊಡೆಯುತ್ತಾರೆ. ಆಗ ಬಕೆಟ್ ಸಾಲದೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಾರೆ. ನಿನ್ನದನ್ನು ಮನೆಯೊಳಗೇ ಇಡು.